ಟಕ್ ಅಂದ ಮೇಲೆ: ಕ್ಯಾಂಪಿಂಗ್ ಟ್ರೈಲರ್ ಕಟ್ಟುವಾಗ, ಬಿಚ್ಚುವಾಗ ಎಲ್ಲಿ ಎಡವುತ್ತೇವೆ

ಹೋದ ವರ್ಷ ಅಕ್ಟೋಬರ್‌ನ ಒಂದು ಭಾನುವಾರ. ಕ್ಯಾಲಿಫೋರ್ನಿಯಾದ ಒಂದು ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡು ರಾತ್ರಿ ಕಳೆದು ಮನೆಗೆ ಹೊರಟಿದ್ದೆವು. ಪಿಕಪ್ಪನ್ನು ಹಿಂದಕ್ಕೆ ತಂದು ನಿಲ್ಲಿಸಿದ್ದೆ. ಟ್ರೈಲರ್‌ನ ಮುಂತುದಿಯ ಬಟ್ಟಲು, ಅಂದರೆ ಕಪ್ಲರ್, ಪಿಕಪ್ಪಿನ ಹಿಂದಿರುವ ಕಬ್ಬಿಣದ ಬಾಲ್ ಮೇಲೆ ಕೂತು ಟಕ್ ಅಂದಿತ್ತು. ಅಷ್ಟರಲ್ಲಿ ಪಕ್ಕದ ಸೈಟಿನ ಅಜ್ಜ ಕಾಫಿ ಮಗ್ ಹಿಡಿದುಕೊಂಡು ಬಂದರು. ನಿನ್ನೆ ರಾತ್ರಿ ನಿಮ್ಮ ಕಡೆಯಿಂದ ಏನೋ ಘಮಘಮ ಅಂತಿತ್ತಲ್ಲ, ಏನದು ಅಂತ ಕೇಳಿದರು. ಬಿಸಿಬೇಳೆ ಬಾತ್. ಅದನ್ನು ಅವರಿಗೆ ವಿವರಿಸುವುದು ಎರಡು ನಿಮಿಷದಲ್ಲಿ ಮುಗಿಯುವ ಕೆಲಸವಲ್ಲ. ಹುಣಸೆಹುಳಿ, ಮೊಗ್ಗು, ತುಪ್ಪ ಎಲ್ಲಾ ಹೇಳಿ ಮುಗಿಸಿ, ಕೈ ಕುಲುಕಿ, ಗಾಡಿ ಹತ್ತಿ ಹೊರಟೆ. ಹತ್ತು ಅಡಿ ಹೋಗಿರಬಹುದು. ಹಿಂದಿನಿಂದ ಏನೋ ಜಗ್ಗಿದ ಹಾಗಾಯಿತು. ಹೆಂಡತಿ "ನಿಲ್ಸಿ, ನಿಲ್ಸಿ" ಅಂತ ಕೂಗಿದಳು.

ಟ್ರೈಲರ್‌ಗೆ ಕರೆಂಟ್ ಕೊಡುವ ವೈರ್ ಇನ್ನೂ ಸೈಟಿನ ಕರೆಂಟ್ ಕಂಬದಲ್ಲೇ ಇತ್ತು. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಕೇಬಲ್ ಅದು. ಪ್ಲಗ್ ಅರ್ಧ ಕಿತ್ತು ಬಂದಿತ್ತು, ಒಳಗಿನ ಒಂದು ಪಿನ್ ಬಾಗಿತ್ತು. ಹೊಸ ಕೇಬಲ್ಲಿಗೆ ನೂರು ಡಾಲರ್ ದಂಡ ಕಟ್ಟಿದ್ದಾಯಿತು, ಅಷ್ಟೆ. ಅಜ್ಜ ಅಲ್ಲೇ ನಿಂತು ನೋಡುತ್ತಿದ್ದರು, ಅದೊಂದು ಬೇರೆ.

ಊರಿನಲ್ಲಿರುವವರಿಗೆ ಒಂದು ಮಾತು. ಇಲ್ಲಿ ಕ್ಯಾಂಪಿಂಗ್ ಟ್ರೈಲರ್ ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲಾ ಇರುತ್ತದೆ, ಇಂಜಿನ್ ಮಾತ್ರ ಇರುವುದಿಲ್ಲ. ಪಿಕಪ್ ಟ್ರಕ್ಕಿಗೋ ದೊಡ್ಡ ಕಾರಿಗೋ ಕಟ್ಟಿಕೊಂಡು ಎಳೆಯಬೇಕು. ನಮ್ಮದು 24 ಅಡಿ ಉದ್ದದ್ದು, ತುಂಬಿದಾಗ ಸುಮಾರು 6,000 ಪೌಂಡ್, ಅಂದರೆ 2,700 ಕಿಲೋ ತೂಗುತ್ತದೆ. ಮುಂದಕ್ಕೆ ಚಾಚಿಕೊಂಡಿರುವ ಕಬ್ಬಿಣದ ತ್ರಿಕೋನಕ್ಕೆ ಇಲ್ಲಿನವರು ನಾಲಿಗೆ ಅನ್ನುತ್ತಾರೆ. ನನಗೆ ಅದನ್ನು ನೋಡಿದರೆ ಎತ್ತಿನ ಗಾಡಿಯ ಮೂಕಿಯೇ ನೆನಪಾಗುವುದು. ಇಲ್ಲಿ ಮೂಕಿ ಅಂತಲೇ ಬರೆಯುತ್ತೇನೆ.

ಆ ದಿನ ಮನೆಗೆ ಬರುವಾಗ ಮೂರು ಗಂಟೆ ಯೋಚನೆ ಮಾಡಲು ಸಮಯ ಸಿಕ್ಕಿತು. ವೈರ್ ಬಿಚ್ಚಬೇಕು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹಾಗಾದರೆ ಮರೆತದ್ದು ಯಾಕೆ?

ಝೆರಾಕ್ಸ್ ಅಂಗಡಿಯಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮೆಷಿನ್ ಒಳಗೇ ಬಿಟ್ಟು ಬರುತ್ತೇವಲ್ಲ, ಇದೂ ಅದೇ ಜಾತಿಯ ಮರೆವು. ಹೋಗಿದ್ದು ಕಾಪಿಗೆ. ಕಾಪಿ ಕೈಗೆ ಬಂತು. ಮನಸ್ಸು ಕೆಲಸ ಮುಗಿಯಿತು ಅಂತ ಫೈಲ್ ಮುಚ್ಚಿಬಿಡುತ್ತದೆ. ಒರಿಜಿನಲ್ ಎತ್ತಿಕೊಳ್ಳುವುದು ಕೆಲಸದ ಬಾಲ ಇದ್ದ ಹಾಗೆ, ಅದು ಹೊರಗೇ ಉಳಿಯುತ್ತದೆ. ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ವಾಪಸ್ ಕೊಡುವ ಎಟಿಎಂಗಳಲ್ಲಿ ಜನ ಕಾರ್ಡ್ ಬಿಟ್ಟು ಹೋಗುತ್ತಿದ್ದುದೂ ಇದಕ್ಕೇ. ಕಾರ್ಡ್ ತೆಗೆದುಕೊಂಡರೇ ದುಡ್ಡು ಅಂತ ಕ್ರಮ ತಿರುಗಿಸಿದ ಮೇಲೆ ಅದು ಕಡಿಮೆಯಾಯಿತು. ಜನರ ಜ್ಞಾಪಕಶಕ್ತಿ ಏನೂ ಜಾಸ್ತಿಯಾಗಲಿಲ್ಲ.

ಟ್ರೈಲರ್ ಕಟ್ಟುವಾಗ ಆ "ಕಾಪಿ ಕೈಗೆ ಬಂದ" ಗಳಿಗೆ ಯಾವುದು? ಕಪ್ಲರ್ ಟಕ್ ಅನ್ನುವುದು. ಬಾಲ್ ನೇರಕ್ಕೆ ಪಿಕಪ್ ತರಲು ಹತ್ತು ನಿಮಿಷ ಹೆಣಗಿರುತ್ತೇವೆ. ಸ್ವಲ್ಪ ಎಡಕ್ಕೆ, ಇಲ್ಲ ಬಲಕ್ಕೆ, ಇನ್ನೊಂದು ಇಂಚು, ಸಾಕು ಸಾಕು. ಗಂಡ ಹೆಂಡತಿ ಜಗಳ ಆಗುವುದೂ ಇಲ್ಲೇ. ಇಷ್ಟೆಲ್ಲಾ ಆಗಿ ಕೊನೆಗೆ ಟಕ್. ಅಬ್ಬಾ ಅಂತ ಉಸಿರು ಬಿಡುತ್ತೇವೆ. ಆದರೆ ನಿಜವಾಗಿ ಜೀವ ಉಳಿಸುವ ಕೆಲಸಗಳು ಶುರುವಾಗುವುದು ಆ ಸದ್ದಿನ ಆಚೆಗೆ.

ಮೊದಲು ಆ ಟಕ್ ಅನ್ನೇ ನಂಬಬಾರದು. ಯಾಕೆ ಅಂದರೆ ಒಳಗಿನ ರಚನೆ ಹಾಗಿದೆ. ಕಪ್ಲರ್ ಅಂದರೆ ಕೆಳಮುಖವಾಗಿ ಕವುಚಿದ ಬಟ್ಟಲು. ಬಾಲ್ ಅದರೊಳಗೆ ಕೂರುತ್ತದೆ. ಮೇಲಿನ ಹಿಡಿಯನ್ನು ಒತ್ತಿದಾಗ ಒಳಗಿನ ಒಂದು ಕಬ್ಬಿಣದ ದವಡೆ ಬಾಲಿನ ಕೆಳಭಾಗಕ್ಕೆ ಬಂದು ಕಚ್ಚಿಕೊಳ್ಳಬೇಕು. ಬಟ್ಟಲು ಪೂರ್ತಿ ಇಳಿಯದೆ ಒಂದು ಬೆರಳಿನಷ್ಟು ಮೇಲೇ ನಿಂತಿದ್ದರೆ ದವಡೆ ಬಾಲಿನ ಕೆಳಗೆ ಹೋಗದೆ ಪಕ್ಕಕ್ಕೋ ಮೇಲಕ್ಕೋ ಸಿಕ್ಕಿಕೊಂಡಿರುತ್ತದೆ. ಕೆಲವು ಕಪ್ಲರ್‌ಗಳಲ್ಲಿ ಆಗಲೂ ಹಿಡಿ ಮುಚ್ಚಿಕೊಳ್ಳುತ್ತದೆ, ಸದ್ದೂ ಬರುತ್ತದೆ. ಮೇಲಿನಿಂದ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಮಂಡಿಯೂರಿ, ಟಾರ್ಚ್ ಹಿಡಿದು, ಕೆಳಗಿನಿಂದ ನೋಡಬೇಕು. ನಾನು ಬೆರಳು ಹಾಕಿ ಮುಟ್ಟಿಯೇ ನೋಡುತ್ತೇನೆ. ಗ್ರೀಸ್ ಆಗುತ್ತದೆ, ಆಗಲಿ. ಆದರೆ ಮೂಕಿಯನ್ನು ಎತ್ತಿ ಇಳಿಸುವ ಜ್ಯಾಕ್ ಮೇಲೆ ಅದರ ಭಾರ ಇನ್ನೂ ಏರಿಳಿಯುತ್ತಿರುವಾಗ ಮಾತ್ರ ಬೆರಳು ಹಾಕಬೇಡಿ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಹಿಡಿ ಮುಚ್ಚಿ, ಅದು ತಾನಾಗಿ ತೆರೆಯದ ಹಾಗೆ ಪಿನ್ ಹಾಕಿ. ಆಮೇಲೆ ಮೂಕಿಯ ಜ್ಯಾಕನ್ನು ಮತ್ತೆ ಕೆಳಕ್ಕೆ ಊರಿ ಮೂಕಿಯನ್ನು ಮೇಲಕ್ಕೆತ್ತಿ. ಕಚ್ಚಿಕೊಂಡಿದ್ದರೆ ಪಿಕಪ್ಪಿನ ಹಿಂಭಾಗವೂ ಅದರ ಜೊತೆ ಒಂದೆರಡು ಇಂಚು ಮೇಲೇಳುತ್ತದೆ. ಕಚ್ಚಿಕೊಂಡಿಲ್ಲದಿದ್ದರೆ ಕಪ್ಲರ್ ಬಾಲನ್ನು ಬಿಟ್ಟು ಮೇಲೆ ಬರುತ್ತದೆ. ಬಿಟ್ಟು ಬರುವುದಿದ್ದರೆ ಇಲ್ಲೇ ಬರಲಿ ಬಿಡಿ, ಹೈವೇಯಲ್ಲಿ ಬೇಡ.

ಇನ್ನೊಂದು ಮೋಸದ ಟಕ್ ಇದೆ. ಬಾಲ್‌ಗಳಲ್ಲಿ ಮೂರು ಅಳತೆ ಸಾಮಾನ್ಯ: 1-7/8 ಇಂಚು, 2 ಇಂಚು, 2-5/16 ಇಂಚು. ಕೊನೆಯ ಎರಡಕ್ಕೆ ವ್ಯತ್ಯಾಸ ಬರೀ ಎಂಟು ಮಿಲಿಮೀಟರ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. 2-5/16ರ ಬಟ್ಟಲನ್ನು 2 ಇಂಚಿನ ಬಾಲ್ ಮೇಲೆ ಇಳಿಸಿದರೆ ಸಲೀಸಾಗಿ ಕೂರುತ್ತದೆ, ಹಿಡಿಯೂ ಮುಚ್ಚುತ್ತದೆ. ಮೊದಲ ದೊಡ್ಡ ಹಳ್ಳ ಸಿಕ್ಕಾಗ ಹಾರಿ ಹೊರಗೆ ಬರುತ್ತದೆ. ಸ್ನೇಹಿತರ ಹತ್ತಿರ ಬಾಲ್ ಎರವಲು ತಂದಾಗ, ಬಾಡಿಗೆ ಟ್ರೈಲರ್ ತಂದಾಗ ಆಗುವ ತಪ್ಪು ಇದು. ಅಳತೆಯನ್ನು ಬಾಲಿನ ನೆತ್ತಿಯ ಮೇಲೂ ಕಪ್ಲರ್ ಮೇಲೂ ಅಚ್ಚು ಹಾಕಿರುತ್ತಾರೆ. ಎರಡನ್ನೂ ಓದಿಕೊಳ್ಳಿ.

ಈಗ ಚೈನ್. ಎರಡು ಚೈನ್ ಇರುತ್ತವೆ, ಮೂಕಿಯ ಕೆಳಗೆ ಅಡ್ಡಡ್ಡ ದಾಟಿಸಿ ಹಾಕಬೇಕು. ಎಡಗಡೆಯದ್ದು ಪಿಕಪ್ಪಿನ ಬಲಗಡೆ ಕೊಂಡಿಗೆ, ಬಲಗಡೆಯದ್ದು ಎಡಕ್ಕೆ. ಸುಮ್ನೆ ಶಾಸ್ತ್ರಕ್ಕಲ್ಲ. ಕಪ್ಲರ್ ಕಳಚಿಕೊಂಡರೆ ಮೂಕಿ ನೆಲಕ್ಕೆ ಬೀಳುವ ಬದಲು ಆ ದಾಟಿಸಿದ ಚೈನಿನ ತೊಟ್ಟಿಲಲ್ಲಿ ಬಂದು ಕೂರುತ್ತದೆ. ಮೂಕಿ ಡಾಂಬರಿಗೆ ಚುಚ್ಚಿಕೊಂಡರೆ ಏನಾಗಬಹುದು ಅಂತ ಬರೆಯಬೇಕಾಗಿಲ್ಲ. ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಇರಬೇಕು, ನೆಲಕ್ಕೆ ತಾಗುವಷ್ಟು ಉದ್ದ ಇರಬಾರದು.

ನೆಲಕ್ಕೆ ಉಜ್ಜುವ ಕಬ್ಬಿಣವನ್ನು ಕ್ಯಾಲಿಫೋರ್ನಿಯಾದಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2018ರ ಜುಲೈ 23ರಂದು ರೆಡ್ಡಿಂಗ್ ಊರಿನ ಹತ್ತಿರ ಹೈವೇ 299ರಲ್ಲಿ ಒಂದು ಟ್ರೈಲರಿನ ಟೈರ್ ಹೋಯಿತು. ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರಿತು, ಪಕ್ಕದ ಒಣ ಹುಲ್ಲಿಗೆ ಬಿತ್ತು. ಸುಮಾರು 2,29,000 ಎಕರೆ ಸುಟ್ಟಿತು, ಸಾವಿರಕ್ಕೂ ಹೆಚ್ಚು ಮನೆ ಹೋದವು, ಜೀವಗಳೂ ಹೋದವು. ಕಾರ್ ಫೈರ್ ಅಂತ ಅದರ ಹೆಸರು. ಅದು ಓಡಿಸುವ ಕಾರಲ್ಲ, ಅಲ್ಲಿನ ಕಾರ್ ಪವರ್‌ಹೌಸ್ ರಸ್ತೆಯಿಂದ ಬಂದದ್ದು. ಅಲ್ಲಿ ಚೈನಿನ ತಪ್ಪಿರಲಿಲ್ಲ, ಟೈರ್ ಅಷ್ಟೆ. ಆದರೆ ಎಳೆದಾಡುವ ಚೈನ್ ಹಾರಿಸುವ ಕಿಡಿಯೂ ಅಂಥದ್ದೇ.

ಚೈನಿನ ಪಕ್ಕದಲ್ಲಿ ಒಂದು ಬಡಪಾಯಿ ಸಣ್ಣ ಕೇಬಲ್ ಇರುತ್ತದೆ. ಪೆನ್ಸಿಲಿಗಿಂತ ತೆಳು. ಜನ ಅದನ್ನು ಎಲ್ಲೆಲ್ಲೋ ಸಿಕ್ಕಿಸುತ್ತಾರೆ. ಅದರ ಇನ್ನೊಂದು ತುದಿಯಲ್ಲಿ ಟ್ರೈಲರಿನ ಮೂಕಿಯ ಮೇಲೆ ಒಂದು ಸ್ವಿಚ್, ಅದರೊಳಗೆ ಒಂದು ಪಿನ್. ಟ್ರೈಲರ್ ಪೂರ್ತಿ ಬಿಟ್ಟುಹೋದರೆ ಕೇಬಲ್ ಆ ಪಿನ್ನನ್ನು ಕಿತ್ತುಕೊಳ್ಳುತ್ತದೆ, ಟ್ರೈಲರಿನ ಸ್ವಂತ ಬ್ಯಾಟರಿ ಅದರ ಬ್ರೇಕನ್ನು ಹಿಡಿಯುತ್ತದೆ. ಅಂದರೆ ಇದು ಎಲ್ಲಾ ಕೈಕೊಟ್ಟ ಮೇಲಿನ ಕೊನೆಯ ಬ್ರೇಕ್. ಇದನ್ನು ಚೈನಿಗೇ ಸಿಕ್ಕಿಸಿದರೆ ಚೈನ್ ಕಿತ್ತಾಗ ಇದೂ ಹೋಯಿತು. ಬಾಲ್ ಕೂತಿರುವ ಕಬ್ಬಿಣದ ತೋಳಿಗೆ ಸಿಕ್ಕಿಸಿದರೆ, ಆ ತೋಳೇ ಪಿಕಪ್ಪಿನಿಂದ ಕಳಚಿ ಬಂದಾಗ ಕೇಬಲ್ಲೂ ಅದರ ಜೊತೆಗೇ ಹೋಗುತ್ತದೆ, ಪಿನ್ ಕೀಳುವವರಿಲ್ಲ. ಪಿಕಪ್ಪಿನ ಮೈಗೆ ಗಟ್ಟಿಯಾಗಿ ಸೇರಿದ ಬೇರೆಯೇ ಜಾಗಕ್ಕೆ ಹಾಕಬೇಕು. ತೋಳು ಕಳಚಿ ಬರುತ್ತದಾ ಅಂದರೆ, ಬರುತ್ತದೆ. ಅದನ್ನು ಹಿಡಿದಿರುವುದು ಅಡ್ಡಕ್ಕೆ ತೂರಿಸಿದ ಒಂದು ಪಿನ್, ಆ ಪಿನ್ನನ್ನು ಹಿಡಿದಿರುವುದು ತುದಿಯ ಪುಟ್ಟ ಕ್ಲಿಪ್. ಗಾಡಿ ಚಕ್ರಕ್ಕೆ ಕಡಾಣಿ ಹೇಗೋ ಹಾಗೆ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರನ್ನು ಕೇಳಿ, ಪಿನ್ ಹಾಕಿ ಕ್ಲಿಪ್ ಮರೆತ ಕಥೆ ಅವರ ಹತ್ತಿರವೂ ಒಂದಿರುತ್ತದೆ.

ನಮ್ಮ ಸ್ನೇಹಿತರೊಬ್ಬರು ಈ ಸಣ್ಣ ಕೇಬಲ್ಲಿಗೆ ಮನೆ ಅಂಗಳದಲ್ಲೇ ಕಾಲು ಸಿಕ್ಕಿಸಿಕೊಂಡಿದ್ದರು. ಪಿನ್ ಕಿತ್ತು ಬಂದಿದ್ದು ಗೊತ್ತಾಗಲಿಲ್ಲ. ರಾತ್ರಿಯೆಲ್ಲಾ ಬ್ರೇಕ್ ಹಿಡಿದೇ ಇತ್ತು, ಬೆಳಿಗ್ಗೆ ಬ್ಯಾಟರಿ ಸತ್ತಿತ್ತು.

ಏಳು ಪಿನ್ನಿನ ಕರೆಂಟ್ ಪ್ಲಗ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಲೈಟು, ಇಂಡಿಕೇಟರ್, ಟ್ರೈಲರಿನ ಬ್ರೇಕ್ ಎಲ್ಲಾ ಅದರಲ್ಲೇ ಹೋಗುತ್ತದೆ. ಹಾಕಿದ ಮೇಲೆ ಒಬ್ಬರು ಹಿಂದೆ ನಿಂತು ಎಡ, ಬಲ, ಬ್ರೇಕ್ ನೋಡಿ ಹೇಳಬೇಕು. ಆಮೇಲೆ ಹೊರಟ ಕೂಡಲೇ, ನಡಿಗೆಯ ವೇಗದಲ್ಲಿರುವಾಗ, ಟ್ರೈಲರಿನ ಬ್ರೇಕನ್ನು ಮಾತ್ರ ಹಾಕುವ, ಡ್ಯಾಶ್‌ಬೋರ್ಡಿನ ಬ್ರೇಕ್ ಕಂಟ್ರೋಲರಿನ ಕೈಹಿಡಿಯನ್ನು ಒಮ್ಮೆ ಒತ್ತಿ. ಹಿಂದಿನಿಂದ ಯಾರೋ ಶರ್ಟ್ ಹಿಡಿದು ಎಳೆದ ಹಾಗೆ ಅನ್ನಿಸಬೇಕು. ಅನ್ನಿಸದಿದ್ದರೆ ನಿಲ್ಲಿಸಿ ನೋಡಿ.

ಭಾರದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಎತ್ತಿನ ಗಾಡಿಗೆ ಹುಲ್ಲು ಹೇರುವವರು ಮುಂಭಾರ, ಹಿಂಭಾರ ನೋಡುತ್ತಾರಲ್ಲ? ಹಿಂದೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯಿಂದ ಎದ್ದು ಕೊರಳ ಹಗ್ಗ ಬಿಗಿಯುತ್ತದೆ. ಇಲ್ಲೂ ಅದೇ ಲೆಕ್ಕ. ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಮೂಕಿಯ ಮೇಲೆ ಬೀಳಬೇಕು. ನಮ್ಮ 6,000 ಪೌಂಡಿಗೆ 600ರಿಂದ 900. ಇದಕ್ಕಿಂತ ಕಡಿಮೆಯಾದರೆ ಟ್ರೈಲರ್ ವೇಗದಲ್ಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಒಮ್ಮೆ ಶುರುವಾದರೆ ಪಿಕಪ್ಪನ್ನೂ ಎಳೆದಾಡುತ್ತದೆ. ಆಗ ಕಾಲ ಬ್ರೇಕನ್ನು ಜೋರಾಗಿ ತುಳಿಯಬೇಡಿ. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೇರ ಹಿಡಿದು, ಆಗಲೇ ಹೇಳಿದ ಕೈಹಿಡಿಯಿಂದ ಟ್ರೈಲರಿನ ಬ್ರೇಕ್ ಮಾತ್ರ ಹಾಕಬೇಕು. ನೀರಿನ ಟ್ಯಾಂಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 40 ಗ್ಯಾಲನ್ ಅಂದರೆ 150 ಕಿಲೋ. ಟ್ಯಾಂಕ್ ಚಕ್ರದ ಹಿಂದಿದೆಯೋ ಮುಂದಿದೆಯೋ ಅನ್ನುವುದರ ಮೇಲೆ ಮೂಕಿಯ ಭಾರ ಏರುತ್ತದೆ, ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯೇ ಮಿತಿ. ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ.

ಬಿಚ್ಚುವುದು ಕಟ್ಟುವುದಕ್ಕಿಂತ ಸುಲಭ ಅನ್ನಿಸುತ್ತದೆ. ನನ್ನ ಪ್ರಕಾರ ಅದೇ ಜಾಸ್ತಿ ಅಪಾಯ. ಐದು ಗಂಟೆ ಓಡಿಸಿ ಬಂದಿರುತ್ತೇವೆ, ಕತ್ತಲಾಗುತ್ತಿರುತ್ತದೆ, ಮಕ್ಕಳಿಗೆ ಹಸಿವು. ಪಿಕಪ್ಪಿನ ಬ್ರೇಕ್ ಇರುವವರೆಗೆ ಟ್ರೈಲರ್ ಅದನ್ನು ನೆಚ್ಚಿಕೊಂಡು ನಿಂತಿರುತ್ತದೆ. ಕಪ್ಲರ್ ಬಾಲಿನಿಂದ ಎದ್ದ ಮರುಕ್ಷಣ ಅದಕ್ಕೆ ಯಾರ ಹಂಗೂ ಇಲ್ಲ. ಇಳಿಜಾರಿದ್ದರೆ ಹೊರಟೇಬಿಡುತ್ತದೆ. ಜ್ಯಾಕ್ ಒಂದು ಕಡ್ಡಿ, ಅದು ತಡೆಯುವುದಿಲ್ಲ. ನಾಲ್ಕು ಮೂಲೆಯ ಸ್ಟೆಬಿಲೈಜರ್ ಕಾಲುಗಳು ಇರುವುದು ಒಳಗೆ ಓಡಾಡಿದಾಗ ಅಲುಗದಿರಲು, ಗಾಡಿ ಹಿಡಿಯಲು ಅಲ್ಲ.

ಹಾಗಾಗಿ ಚಕ್ರಕ್ಕೆ ಕಲ್ಲು ಕೊಡುವುದು ಮೊದಲನೆಯದು. ಇಲ್ಲಿ ಕಲ್ಲಿನ ಬದಲು ರಬ್ಬರಿನ ಅಡ್ಡಕಟ್ಟೆ ಸಿಗುತ್ತದೆ. ಎರಡೂ ಬದಿಯ ಚಕ್ರಕ್ಕೆ, ಹಿಂದೂ ಮುಂದೂ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ, ಅಡ್ಡಕ್ಕೆ ಮಟ್ಟ ಮಾಡುವುದು. ಒಂದು ಬದಿ ತಗ್ಗಿದ್ದರೆ ಆ ಬದಿಯ ಚಕ್ರದ ಕೆಳಗೆ ಹಲಗೆ ಹಾಕಿ ಹತ್ತಿಸಬೇಕು. ಇದು ಪಿಕಪ್ ಕಟ್ಟಿರುವಾಗಲೇ ಆಗಬೇಕು. ಬಿಚ್ಚಿದ ಮೇಲೆ ನೆನಪಾದರೆ ಮತ್ತೆ ಮೊದಲಿನಿಂದ ಕಟ್ಟಬೇಕು. ನಾವು ಮೊದಲ ಟ್ರಿಪ್ಪಿನಲ್ಲಿ ಎರಡು ಸಲ ಕಟ್ಟಿದೆವು, ಮೂರನೇ ಸಲ ಬೇಜಾರಾಗಿ ವಾಲಿದ ಮಂಚದಲ್ಲೇ ಮಲಗಿದೆವು.

ಮೂಕಿಯ ಭಾರವನ್ನು ಪಿಕಪ್ಪಿನ ಮುಂದಿನ ಚಕ್ರಗಳಿಗೂ ಹಂಚುವ ಬಿಗಿದ ಕಬ್ಬಿಣದ ಸರಳುಗಳು, ಅಂದರೆ ಸ್ಪ್ರಿಂಗ್ ಬಾರ್, ಇದ್ದವರು ಅವನ್ನು ತೆಗೆಯುವಾಗ ಹುಷಾರು. ಮೊದಲು ಜ್ಯಾಕಿನಿಂದ ಮೂಕಿ ಮತ್ತು ಪಿಕಪ್ಪಿನ ಹಿಂಭಾಗ ಎರಡನ್ನೂ ಎತ್ತಿ ಬಾರಿನ ಬಿಗಿ ಇಳಿಸಿ. ಬಿಗಿ ಇರುವಾಗಲೇ ಬಿಡಿಸಲು ಹೋದರೆ ಹಿಡಿ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಇದರಲ್ಲಿ ಹಲ್ಲು ಹೋಗುವುದೂ ಉಂಟು.

ಆಮೇಲೆ ಕರೆಂಟ್ ಪ್ಲಗ್, ಸಣ್ಣ ಕೇಬಲ್. ಚೈನ್ ಮಾತ್ರ ಇರಲಿ. ಹಿಡಿ ತೆರೆದು, ಜ್ಯಾಕ್ ಏರಿಸಿ, ಕಪ್ಲರ್ ಬಾಲನ್ನು ಬಿಟ್ಟು ಮೇಲೆದ್ದು, ಟ್ರೈಲರ್ ಒಂದಿಂಚೂ ಅಲುಗಲಿಲ್ಲ ಅನ್ನುವುದನ್ನು ಕಣ್ಣಾರೆ ನೋಡಿದ ಮೇಲೆ ಚೈನ್ ಬಿಚ್ಚಿ. ಅಡ್ಡಕಟ್ಟೆ ಜಾರಿದರೂ ಟ್ರೈಲರ್ ಒಂದಡಿ ಹೋಗಿ ಚೈನಿಗೆ ನೇತುಬೀಳುತ್ತದೆ. ತೊಂದರೆ ಏನು ಅಂದರೆ, ಕಪ್ಲರ್ ಎದ್ದಿದ್ದೇ ಮನಸ್ಸು ಮತ್ತೆ "ಮುಗೀತು" ಅನ್ನುತ್ತದೆ. ಚೈನ್ ಬಿಚ್ಚದೆ ಪಿಕಪ್ ಮುಂದಕ್ಕೆ ಹೋಗುತ್ತದೆ, ಜ್ಯಾಕ್ ಮುರಿದು ಮೂಕಿ ನೆಲಕ್ಕೆ ಬೀಳುತ್ತದೆ.

ಪಿಕಪ್ಪಿನ ತೊಟ್ಟಿಯೊಳಗೇ ಕಟ್ಟುವ ದೊಡ್ಡ ಫಿಫ್ತ್ ವೀಲ್ ಟ್ರೈಲರಿನವರ ಕಥೆ ಬೇರೆ. ಅವರ ಖಾಯಂ ತಪ್ಪು, ಬಿಚ್ಚಿದ ಮೇಲೆ ಪಿಕಪ್ಪಿನ ಹಿಂದಿನ ಬಾಗಿಲು ಇಳಿಸದೆ ಮುಂದಕ್ಕೆ ಹೋಗುವುದು. ಆ ಬಾಗಿಲಿಗೆ ಒಂದೇ ಕ್ಷಣ ಸಾಕು.

ಹಾಗಾದರೆ ಮರೆಯದಿರಲು ಏನು ಮಾಡುವುದು? ಪಟ್ಟಿ ಬರೆದಿಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹತ್ತಿರವೂ ಇತ್ತು, ಲ್ಯಾಮಿನೇಟ್ ಮಾಡಿಸಿದ್ದೆ. ವೈರ್ ಕಿತ್ತ ದಿನ ಅದು ಗ್ಲೋವ್ ಬಾಕ್ಸಿನಲ್ಲಿತ್ತು. ಪಟ್ಟಿ ಬೇಡ ಅನ್ನುತ್ತಿಲ್ಲ. ಆದರೆ ಅದನ್ನು ತೆಗೆದು ನೋಡಬೇಕು ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕಲ್ಲ!

ಎಟಿಎಂನವರ ಉಪಾಯ ನನಗೆ ಹೆಚ್ಚು ಹಿಡಿಸಿದೆ. ಕ್ಯಾಂಪಿಗೆ ಬಂದು ವೈರ್ ಸಿಕ್ಕಿಸಿದ ಕೂಡಲೇ ಪಿಕಪ್ಪಿನ ಕೀಯನ್ನು ಒಂದು ಕೆಂಪು ಚೀಲಕ್ಕೆ ಹಾಕುತ್ತೇನೆ. ಹೊರಡುವ ದಿನ ಬೆಳಿಗ್ಗೆ ಬಾಲ್ ನೇರಕ್ಕೆ ಪಿಕಪ್ ತಂದ ಮೇಲೆ ಇಂಜಿನ್ ಆರಿಸಿ, ಆ ಚೀಲವನ್ನು ಕರೆಂಟ್ ಕಂಬಕ್ಕೇ ನೇತುಹಾಕುತ್ತೇನೆ. ಕೀ ಇಲ್ಲದೆ ಗಾಡಿ ಹೊರಡುವುದಿಲ್ಲ. ಕೀ ಬೇಕಾದರೆ ಕಂಬಕ್ಕೆ ಹೋಗಬೇಕು. ಕಂಬಕ್ಕೆ ಹೋದವನಿಗೆ ವೈರ್ ಕಾಣದೇ ಇರುತ್ತದಾ? ಹೆಂಡತಿಯ ಪರ್ಸಿನಲ್ಲಿ ಇನ್ನೊಂದು ಕೀ ಇದ್ದರೆ ಈ ಉಪಾಯ ಕೆಡುತ್ತದೆ, ಅದೂ ಚೀಲಕ್ಕೇ ಹೋಗಬೇಕು.

ಇನ್ನೊಂದು, ಬಾಯಿಬಿಟ್ಟು ಹೇಳುವುದು. ನಮ್ಮ ರೈಲು ಇಂಜಿನ್‌ಗಳಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಜಪಾನಿನ ರೈಲುಗಳಲ್ಲಿ ಬೆರಳು ತೋರಿಸಿ ಹೇಳುವುದು ಇನ್ನೂ ಕಟ್ಟುನಿಟ್ಟು. ಕಣ್ಣು ಸುಮ್ನೆ ಜಾರಿಕೊಂಡು ಹೋಗಬಹುದು. ಕೈ ಮುಟ್ಟಿ, ಬಾಯಿ ಹೇಳಿದಾಗ ಹಾಗೆ ಜಾರಲು ಆಗುವುದಿಲ್ಲ. ಈಗ ನಮ್ಮಲ್ಲಿ ಮಗ ಮುಂದೆ ಮುಂದೆ ಹೋಗಿ ಕೂಗುತ್ತಾನೆ, ನಾನು ಮುಟ್ಟಿ ಉತ್ತರ ಕೊಡುತ್ತೇನೆ. "ಪಿನ್?" "ಇದೆ." "ಕ್ಲಿಪ್?" "ಇದೆ." "ಚೈನ್ ಎರಡು?" "ಎರಡು." "ಜ್ಯಾಕ್?" "ಮೇಲಿದೆ." "ಮೆಟ್ಟಿಲು?" "ಮಡಚಿದೆ." "ಕಲ್ಲು?" ಅಡ್ಡಕಟ್ಟೆಗೆ ನಮ್ಮ ಮನೆಯಲ್ಲಿ ಕಲ್ಲು ಅಂತಲೇ ಹೆಸರು. ಅಕ್ಕಪಕ್ಕದವರು ನೋಡಿ ನಗುತ್ತಾರೆ. ಇವನಿಗೆ ಒಂಬತ್ತು ವರ್ಷ, ನನ್ನ ತಪ್ಪು ಹಿಡಿಯುವುದು ಅಂದರೆ ಅವನಿಗೆ ಹಬ್ಬ.

ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ? ಮಾತಾಡಿ, ಪಾಪ, ಒಳ್ಳೆಯವರು. ಆದರೆ ನಿಲ್ಲಿಸಿದ ಜಾಗದಿಂದ ಮುಂದುವರಿಸಬೇಡಿ, ಮೊದಲಿನಿಂದ ಶುರು ಮಾಡಿ. "ಎಲ್ಲಿಗೆ ಬಂದಿದ್ದೆ?" ಅನ್ನುವ ಪ್ರಶ್ನೆಗೆ ಮನಸ್ಸು ಕೊಡುವ ಉತ್ತರ ಯಾವಾಗಲೂ ಒಂದು ಹೆಜ್ಜೆ ಮುಂದಿರುತ್ತದೆ. ಮಾಡಬೇಕು ಅಂದುಕೊಂಡಿದ್ದನ್ನು ಮಾಡಿಯಾಗಿದೆ ಅಂತಲೇ ಹೇಳುತ್ತದೆ.

ಹೊರಟು ಹತ್ತು ಹದಿನೈದು ಮೈಲಿಗೆ ಒಂದು ಪೆಟ್ರೋಲ್ ಬಂಕೋ, ಅಗಲ ಜಾಗವೋ ಸಿಕ್ಕರೆ ನಿಲ್ಲಿಸುತ್ತೇವೆ. ಕಪ್ಲರಿನ ಪಿನ್ ಇದೆಯಾ, ಚೈನ್ ತಾಗುತ್ತಿಲ್ಲವಾ, ಪ್ಲಗ್ ಸಡಿಲವಾಗಿಲ್ಲವಾ ನೋಡುತ್ತೇನೆ. ಆಮೇಲೆ ನಾಲ್ಕೂ ಚಕ್ರದ ನಡುವಿನ ಹಬ್ ಹತ್ತಿರ ಅಂಗೈ ತರುತ್ತೇನೆ. ನಾಲ್ಕೂ ಒಂದೇ ತರಹ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಒಣಗಿರಬಹುದು, ಬ್ರೇಕ್ ಸಿಕ್ಕಿಕೊಂಡಿರಬಹುದು. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕ್ ಕೆಲಸ ಮಾಡುತ್ತಿಲ್ಲದಿರಬಹುದು. ಅಷ್ಟು ಹೊತ್ತಿಗೆ ಹೆಂಡತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿರುತ್ತಾಳೆ. ಕೈ ಒರೆಸಿಕೊಂಡು ಕುಡಿಯುವುದು, ಮತ್ತೆ ಒಂದು ಸುತ್ತು ಬರುವುದು, ಹೊರಡುವುದು.